ನಾಲ್ಕನೆಯ ಮರಿ

ಅತ್ತೆಯ ಮನೆಯ ಹಿಂದಿನ ಕೋಣೆ ತುಂಬ ಬೆಕ್ಕುಗಳು. ಮರಿ ಹಾಕಿಸಿ, ಸಾಕಿ, ಮಾರುವುದೇ ಅತ್ತೆಯ ಕಸುಬು. ಅಮ್ಮ ಹೆರಿಗೆಗೆಂದು ಆಸ್ಪತ್ರೆ ಸೇರಿದ ಮೇಲೆ ಆರು ವರ್ಷದ ಚಿನ್ಮಯಿ ಕೆಮ್ಮು ಹತ್ತಿಸಿಕೊಂಡು ಅತ್ತೆಯ ಮನೆಯಲ್ಲೇ ಇದ್ದಳು.

ಆ ಬೆಳಗ್ಗೆ ಬಿಳಿ ಬೆಕ್ಕಿನ ಪೆಟ್ಟಿಗೆಯಲ್ಲಿ ನಾಲ್ಕರ ಬದಲು ಮೂರೇ ಮರಿಗಳಿದ್ದವು.

"ಅತ್ತೆ, ಇನ್ನೊಂದೆಲ್ಲಿ?"

"ತಾಯೇ ತಿಂದ್ಬಿಟ್ಟಿದೆ ಕಣೇ. ಕಾಯಿಲೆ ಮರಿ ಬದುಕಲ್ಲ ಅಂತ ಗೊತ್ತಾದ್ರೆ ಹಂಗೇ ಮಾಡುತ್ತೆ."

ಬೆಕ್ಕು ಬಾಯಿ ನೆಕ್ಕಿಕೊಂಡಿತು. ಚಿನ್ಮಯಿ ಕೆಮ್ಮುತ್ತಲೇ ಪೆಟ್ಟಿಗೆಯಿಂದ ಹಿಂದೆ ಸರಿದಳು.

ಮರುದಿನ ಅಪ್ಪನ ಜೊತೆ ಅಮ್ಮ ಆಟೋದಿಂದ ಇಳಿದಳು. ಹೊಟ್ಟೆ ಇಳಿದಿತ್ತು, ಕೈಯಲ್ಲಿ ಫ್ಲಾಸ್ಕ್ ಮಾತ್ರ ಇತ್ತು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಿಕ್ಕಿದಳು.

"ಪಾಪು ಎಲ್ಲಿ?"

"ಅದು ಉಳೀಲಿಲ್ಲ ಕಂದ," ಎಂದ ಅಪ್ಪ. "ತುಂಬಾ ಕಾಯಿಲೆ ಇತ್ತು ಅದಕ್ಕೆ."

ಅಮ್ಮ ಹೊಸಿಲ ಮೇಲೇ ಕುಸಿದು ಕೂತು, ಒಣಗಿದ ತುಟಿ ನೆಕ್ಕಿಕೊಂಡು, ಎರಡೂ ಕೈ ಚಾಚಿದಳು. "ಬಾ ಚಿನ್ನಿ, ನನ್ನ ಹತ್ರ ಬಾ."

ಚಿನ್ಮಯಿಗೆ ಕೆಮ್ಮು ಒತ್ತರಿಸಿ ಬಂತು. ಅಂಗೈಯಿಂದ ಬಾಯಿ ಅದುಮಿಕೊಂಡು ಅತ್ತೆಯ ಬೆನ್ನ ಹಿಂದೆ ಅವಿತಳು.

"ಅತ್ತೆ, ನಂಗೆ ಬರೀ ಕೆಮ್ಮು. ನಾನು ಬದುಕ್ತೀನಿ ಅಂತ ಅಮ್ಮಂಗೆ ಹೇಳು."