ಅನ್‌ಎಕ್ಸ್‌ಪೆಕ್ಟೆಡ್ಲಿ

ಹದಿನಾಲ್ಕು ವರ್ಷ ಪಾಠ ಮಾಡಿದ ಶಾಲೆ ಮುಚ್ಚಿದ ಮೇಲೆ ಮಂದಾಕಿನಿಗೆ ಬಂದ ಮೊದಲ ಸಂದರ್ಶನದ ಕರೆ ಅದು. ಪಟ್ಟಣದ ಹೆಸರುವಾಸಿ ಖಾಸಗಿ ಶಾಲೆಯಲ್ಲಿ ಇಂಗ್ಲಿಷ್ ಟೀಚರ್ ಹುದ್ದೆ ಖಾಲಿಯಿದೆ ಎಂದು ಪೇಪರಿನಲ್ಲಿ ಬಂದಿತ್ತು.

ಶಾಲೆಯ ಕಾರ್ಯದರ್ಶಿ ಅವಳ ಅರ್ಜಿಯನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದರು.

“ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಮ್ಮು. ಆದ್ರೂ ಇಂಗ್ಲಿಷ್ ಕಲಿಸೋಕೆ ಬಂದಿದೀರಿ. ನಿಮ್ಮ ಧೈರ್ಯ ಮೆಚ್ಚಬೇಕು.”

ಪಕ್ಕದಲ್ಲಿದ್ದ ಹೆಡ್‌ಮಾಸ್ಟರು ನಕ್ಕರು. ಕಾರ್ಯದರ್ಶಿ ಅರ್ಜಿಯನ್ನು ಮೇಜಿನ ಮೇಲಿಟ್ಟರು.

“ಸರಿ, ಹೇಳಿ. ‘ಅನ್‌ಎಕ್ಸ್‌ಪೆಕ್ಟೆಡ್ಲಿ’ ಅನ್ನೋ ಪದಾನ ಯಾವಾಗ ಬಳಸ್ತಾರೆ?”

“ಯಾರೂ ಎಣಿಸದೇ ಇದ್ದದ್ದು ನಡೆದಾಗ, ಸರ್. ಕ್ರಿಯಾವಿಶೇಷಣ ಅದು.”

“ಉರು ಹೊಡ್ಕೊಂಡು ಬಂದಿದೀರಿ. ಎಲ್ಲಿ, ಒಂದು ವಾಕ್ಯ ಮಾಡಿ ನೋಡೋಣ.”

ತನ್ನ ಶಾಲೆ ಹೋದ ತಿಂಗಳು ಅನಿರೀಕ್ಷಿತವಾಗಿ ಮುಚ್ಚಿಹೋಯಿತು ಎಂದು ಅವಳು ಇಂಗ್ಲಿಷಿನಲ್ಲಿ ಹೇಳಿದಳು. ತಪ್ಪೇನೂ ಸಿಗದೆ ಕಾರ್ಯದರ್ಶಿಯ ಮುಖ ಹುಳ್ಳಗಾಯಿತು.

“ಅಳುಮುಂಜಿ ವಾಕ್ಯ ಬೇಡಮ್ಮ. ನಾನೇ ಒಂದು ಒಳ್ಳೇದು ಹೇಳ್ತೀನಿ. ನಮ್ಮ ತಂಗಿ ಮಗಳು ಇಂಚರಾನೂ ಅರ್ಜಿ ಹಾಕಿದಾಳೆ. ಈ ಕೆಲಸ ಅನ್‌ಎಕ್ಸ್‌ಪೆಕ್ಟೆಡ್ಲಿ ಅವಳಿಗೇ ಸಿಕ್ತು ಅಂತಿಟ್ಕೊಳ್ಳಿ. ವಾಕ್ಯ ಸರಿ ತಾನೆ?”

ಮಂದಾಕಿನಿ ಮೇಜಿನ ಮೇಲಿದ್ದ ತನ್ನ ಸರ್ಟಿಫಿಕೇಟುಗಳನ್ನು ಒಂದೊಂದಾಗಿ ಎತ್ತಿ ಫೈಲಿಗೆ ಸೇರಿಸಿ ಎದ್ದು ನಿಂತಳು.

“ತಪ್ಪು, ಸರ್. ಆ ಪದ ಅಲ್ಲಿ ಬರಲ್ಲ. ಹೊರಗೆ ನೋಟಿಸ್ ಬೋರ್ಡಿನಲ್ಲಿರೋ ಟೈಮ್‌ಟೇಬಲ್‌ನಲ್ಲಿ ಇಂಗ್ಲಿಷ್ ಪೀರಿಯಡ್ಡಿಗೆಲ್ಲ ‘ಇಂಚರಾ ಮಿಸ್’ ಅಂತ ಆಗಲೇ ಪ್ರಿಂಟಾಗಿದೆ.”