ಎಳೆಯ ಚರ್ಮ

ಹುಣಸೂರು ದಾಟಿದ ಮೇಲೆ ಬಸ್ಸಿನ ಕಿಟಕಿಯಿಂದ ಹೊಗೆಸೊಪ್ಪು ಬೇಯುವ ವಾಸನೆ ನುಗ್ಗಿದರೆ ಈಗಲೂ ನನಗೆ ಅಕ್ಕನ ಬಲಗೈ ನೆನಪಾಗುತ್ತದೆ.

ಚಿಕ್ಕಂದಿನಲ್ಲಿ ಅವಳು ಸೊಪ್ಪು ಬೇಯಿಸುವ ಬ್ಯಾರನ್ ಮನೆಯೊಳಗೆ ಕಾದ ಕೊಳವೆಯ ಮೇಲೆ ಬಿದ್ದು, ಬೆರಳುಗಳೆಲ್ಲ ಅಂಗೈಗೆ ಅಂಟಿಕೊಂಡಿದ್ದವು. ಎಡಗೈಯಲ್ಲಿ ಉಣ್ಣುವುದು ಯಾರಿಗೂ ಕಾಣದಿರಲೆಂದು ಗೋಡೆಯ ಕಡೆ ತಿರುಗಿ ಕೂರುತ್ತಿದ್ದಳು.

ಒಂದು ಮಧ್ಯಾಹ್ನ ಮೈಸೂರಿನಿಂದ ಜೀಪಿನಲ್ಲಿ ಬಂದ ಡಾಕ್ಟರಮ್ಮ, ಬೆರಳು ಬಿಡಿಸಿ ಹೊಸ ಚರ್ಮ ಹಾಕುವ ಆಪರೇಷನ್ ಪುಕ್ಕಟೆ ಮಾಡಿಸುತ್ತೇವೆ ಎಂದರು. ಆಸ್ಪತ್ರೆಗೆ ಹೋದವರ ಕಿಡ್ನಿ ಕದಿಯುತ್ತಾರೆಂದು ಊರೆಲ್ಲ ಮಾತಾಡುತ್ತಿದ್ದ ಕಾಲ ಅದು. ಅಜ್ಜಿ ಮೊದಲು ಅವರಿಗೆ ಮುದ್ದೆ ಬಡಿಸಿದಳು. ಮನೆಯ ಉಪ್ಪು ತಿಂದವರು ಕೇಡು ಬಗೆಯುವುದಿಲ್ಲವೆಂದು ಅವಳು ನಂಬಿದ್ದಳು. ಡಾಕ್ಟರಮ್ಮ ಮುದ್ದೆಯನ್ನು ನುಂಗದೆ ಅಗಿದರು. ಅಜ್ಜಿಯ ಮುಖ ಬಿಗಿಯಿತು.

“ಕೈಗೆ ಆಕೋ ಚರ್ಮ ಎಲ್ಲಿಂದ ತತ್ತೀರಿ?”

“ಅವಳ ತೊಡೆಯಿಂದಲೇ ತೆಗೀತೀವಿ, ಅಜ್ಜಿ.”

“ಅವಳ್ದೇ ಕಿತ್ತು ಅವಳ್ಗೇ ಆಕದಾದ್ರೆ ನೀವು ಕೊಡೋದೇನ್ರವ್ವ?”

ಡಾಕ್ಟರಮ್ಮ ನಕ್ಕರು. ಅಜ್ಜಿ ನಗಲಿಲ್ಲ. ಸೀರೆಯನ್ನು ಮಂಡಿಯ ಮೇಲಕ್ಕೆ ಸರಿಸಿ, ಜೋತುಬಿದ್ದ ತೊಡೆಯ ಚರ್ಮವನ್ನು ಎಳೆದು ತೋರಿಸಿದಳು. “ನಂದು ತಕಳಿ. ಸಡಿಲವಾಗೇ ಅದೆ.”

“ಬೇರೆಯವರದ್ದು ಕೂಡಿಕೊಳ್ಳಲ್ಲ ಅಜ್ಜಿ. ಅವಳದೇ ಬೇಕು.”

ಅಜ್ಜಿ ಅವ್ವನ ಕಡೆ ತಿರುಗಿ, ಡಾಕ್ಟರಮ್ಮನಿಗೂ ಕೇಳುವಂತೆ ಹೇಳಿದಳು. “ನೋಡ್ದೇನವ್ವ, ಮುದುಕಿದು ಬ್ಯಾಡ್ವಂತೆ. ಎಳೇದೇ ಬೇಕಂತೆ.”

ಅವ್ವ ತಲೆ ತಗ್ಗಿಸಿದಳು. ಅಕ್ಕ ಮಾತ್ರ ಎದ್ದು ಹೋಗಿ ಜೀಪಿನಲ್ಲಿ ಕೂತಳು. ಅಜ್ಜಿ ಬೈದುಕೊಳ್ಳುತ್ತಲೇ ಪಕ್ಕಕ್ಕೆ ಹತ್ತಿದಳು. ಮೈಸೂರು ಮುಟ್ಟುವವರೆಗೂ ಅಕ್ಕನ ತೊಡೆಯ ಮೇಲಿಟ್ಟ ಕೈಯನ್ನು ಅವಳು ತೆಗೆಯಲೇ ಇಲ್ಲವಂತೆ.