ಎಡಗೈ ಬ್ರೇಕು

"ಎರಡೂ ಬ್ರೇಕು ಎಡಗೈಯಾಗೇ ಹಿಡಿಯೋ ಹಂಗೆ ಮಾಡಿಕೊಡ್ರಿ. ಬಲಗೈ ಖಾಲಿ ಇರಬೇಕು," ಎಂದ ಹೊಸ ಗಿರಾಕಿ.

ಸೈಕಲ್ ರಿಪೇರಿಯ ಕೊಟ್ರಪ್ಪ ತಲೆಯೆತ್ತಿ ನೋಡಿದ. ಮಡ್‌ಗಾರ್ಡ್, ಕ್ಯಾರಿಯರ್ ಆಗಲೇ ಬಿಚ್ಚಿಸಿಯಾಗಿತ್ತು.

"ಬಲಗೈಯಾಗೆ ಏನು ಮಾಡ್ತೀಯಪ್ಪಾ?"

"ಅದೊಂದು ಕೇಳಬ್ಯಾಡ್ರಿ."

"ಬೆಲ್ಲೂ ಬ್ಯಾಡ?"

"ಬ್ಯಾಡ್ರಿ. ಗಕ್ಕನೆ ತಿರುಗಬೇಕು, ಅಷ್ಟೇ."

ಸೈಕಲ್ಲಿನಲ್ಲಿ ಬಂದ ಯಾವನೋ ಆ ವಾರವಷ್ಟೇ ಓಣಿಯ ಇಬ್ಬರು ಹೆಂಗಸರ ಸರ ಕಿತ್ತುಕೊಂಡು ಹೋಗಿದ್ದ. ಇವನೇ ಅವನಿರಬೇಕು ಅಂದುಕೊಂಡ ಕೊಟ್ರಪ್ಪ. ಹೇಳಿದಂತೆಯೇ ಎಲ್ಲವನ್ನೂ ಜೋಡಿಸಿ, ಬ್ರೇಕ್ ವೈರಿನ ನಟ್ಟನ್ನು ಮಾತ್ರ ಬೇಕೆಂದೇ ಸಡಿಲ ಬಿಟ್ಟ. ಕದ್ದು ಓಡುವಾಗ ಮೊದಲ ತಿರುವಿನಲ್ಲೇ ಬೀಳಲಿ ನನ್ಮಗ.

ಮರುದಿನ ಬೆಳಿಗ್ಗೆ ಆತ ನಡೆದುಕೊಂಡೇ ಬಂದ.

"ಸೈಕಲ್ ಎಲ್ಲಿ?"

"ಮೈದಾನದಾಗೈತ್ರಿ. ಸೈಕಲ್ ಮೇಲೆ ಕುಂತು ಕೋಲಿನಿಂದ ಚೆಂಡು ಹೊಡಿಯೋ ಆಟ, ಪೋಲೋ ಅಂತಾರೆ. ಫೈನಲ್ ಆಗಲೇ ಶುರುವಾಗೈತಿ. ನಿಮ್ಮ ಮಗಳು ನಿಮ್ಮನ್ನ ಕರ್ಕಂಡು ಬಾ ಅಂದ್ಲು."

"ನನ್ನ ಮಗಳಾ? ಅವಳಿಗೇನು ಕೆಲಸ ಅಲ್ಲಿ?"

"ಆ ಸೈಕಲ್ ಮೇಲೆ ಆಡ್ತಿರೋದು ಅವಳೇ ರೀ. ನೀವು ಬೈತೀರಂತ ಹೇಳಿರಲಿಲ್ಲ. ಆದ್ರೆ ಬ್ರೇಕ್ ಮಾತ್ರ ನಮ್ಮಪ್ಪನ ಕೈಯಾಗೇ ಹಾಕಿಸಬೇಕು ಅಂತ ಹಟ ಹಿಡಿದಿದ್ಲು."